ಹೆಪ್ಪಿಗೆ ಬಿಟ್ಟ ಕೆಂಪು

ಕಪ್ಪು ಪರದೆಯ ಮೇಲೆ ಒಂದು ಕೆಂಪು ಸಾಲು ಮೂಡುತ್ತದೆ. ಅದರ ಬೆಳಕು ಅವಳ ಗಲ್ಲದ ಮೇಲೆ ಬೀಳುತ್ತದೆ. ಹೊರಗೆ ಮಳೆ. ಅವಳು ಕುರ್ಚಿ ಹಿಂದಕ್ಕೆ ಸರಿಸಿ ಎದ್ದು, ‘ಇರ್ಲಿ ಬಿಡ್ರಿ, ಹೆಪ್ಪಿಗಾತು’ ಎನ್ನುತ್ತಾಳೆ. ಬಾಗಿಲ ಹಿಂದಿನಿಂದ ತನ್ನ ಒಣ ಚಪ್ಪಲಿಗಳನ್ನು ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿಯುತ್ತಾಳೆ. ಅದಾದ ಮೇಲೆ ಅವಳನ್ನು ನಾನು ನೋಡಿಲ್ಲ.

ಇಷ್ಟು ನನಗೆ ಸ್ಪಷ್ಟವಾಗಿ ನೆನಪಿದೆ. ಆದರೆ ಸ್ಪಷ್ಟವಾಗಿ ನೆನಪಿರುವುದನ್ನೇ ನಾನು ಹೆಚ್ಚು ಅನುಮಾನದಿಂದ ನೋಡುತ್ತೇನೆ. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಪ್ರಯೋಗಶಾಲೆಯಲ್ಲಿ ಕಲಿತ ಒಂದೇ ಒಂದು ಉಪಯುಕ್ತ ಸಂಗತಿ ಅದು: ಲೆಕ್ಕಕ್ಕಿಂತ ಚೆನ್ನಾಗಿ ಬಂದ ಉತ್ತರವನ್ನು ಮೊದಲು ಶಂಕಿಸು. ನೆನಪಿನಲ್ಲಿ ಮಳೆ, ಬೆಳಕು, ಗಲ್ಲ ಎಲ್ಲ ಇಷ್ಟು ಹದವಾಗಿ ಕೂಡಿಬಂದಿದೆ ಎಂದರೆ, ಅದರಲ್ಲಿ ಒಂದಷ್ಟನ್ನಾದರೂ ನಾನೇ ಆಮೇಲೆ ಸೇರಿಸಿರಬೇಕು.

ಆಗ ನಾನು ಮಡಗಾಂವದಲ್ಲಿದ್ದೆ. ಹಳೇ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಬಸ್ ಏಜೆನ್ಸಿ ಇತ್ತು. ಗೋವಾದಲ್ಲಿ ಗಾರೆ ಕೆಲಸ, ಗೋದಾಮಿನ ಕೆಲಸ, ಟೆಂಪೋ ಓಡಿಸುವ ಕೆಲಸ ಮಾಡುವ ನಮ್ಮ ಕಡೆಯ ಜನರನ್ನು ಮೊಲೆಂ ಘಾಟಿನ ಮೇಲಿಂದ ಬಾಗಲಕೋಟೆ, ವಿಜಯಪುರಕ್ಕೆ ಮುಟ್ಟಿಸಿ ಮತ್ತೆ ಕರೆತರುವ ಬಸ್ಸುಗಳು ಅವರವು. ಹಬ್ಬ ಬಂದರೆ ಒಂದೇ ಸೀಟನ್ನು ಇಬ್ಬರಿಗೆ ಕೊಟ್ಟು ಜಗಳವಾಗುತ್ತಿತ್ತು. ಅದನ್ನು ತಪ್ಪಿಸುವ ಒಂದು ಸೀಟು ಕಾಯ್ದಿರಿಸುವ ಪ್ರೋಗ್ರಾಂ ಬೇಕೆಂದು ಮಾಲೀಕರು ನಮ್ಮಿಬ್ಬರನ್ನು ಇಟ್ಟುಕೊಂಡಿದ್ದರು. ಒಬ್ಬ ನಾನು. ಇನ್ನೊಬ್ಬಳು ಅವಳು, ಮಡಗಾಂವದಲ್ಲೇ ಬಿ.ಸಿ.ಎ. ಮುಗಿಸಿದವಳು. ಅವಳ ಅಪ್ಪ ಬಾಗಲಕೋಟೆ ಕಡೆಯವರು, ಮೀನು ಮಾರುಕಟ್ಟೆಗೆ ಟೆಂಪೋ ಓಡಿಸುತ್ತಿದ್ದರು. ಮನೆ ಮೋತಿ ಡೊಂಗರದ ಮೇಲೆ. ನಾವು ಕೂರುತ್ತಿದ್ದ ಮಾಳಿಗೆಯ ಕಿಟಕಿಯಿಂದ ಆ ಗುಡ್ಡ ಕಾಣುತ್ತಿತ್ತು; ಒಂದರ ಹೆಗಲ ಮೇಲೊಂದು ಹತ್ತಿದ ಮನೆಗಳು, ಮಳೆಗಾಲದಲ್ಲಿ ಅವುಗಳ ಮೇಲೆ ನೀಲಿ ತಾಡಪಾಲು. ಮನೆಯಲ್ಲಿ ಅವಳದು ದಖನಿ ಉರ್ದು, ಬೀದಿಯಲ್ಲಿ ಕೊಂಕಣಿ, ನನ್ನ ಜೊತೆ ಕನ್ನಡ. ಅದೂ ನನ್ನ ಕನ್ನಡಕ್ಕಿಂತ ಖಾರ.

ಏನನ್ನು ಕಂಡರೂ ‘ಖಾತ್ರಿ ಏನು?’ ಎಂದು ಕೇಳುತ್ತಿದ್ದೆನೆಂದು ಅವಳು ನನಗೆ ಸಂಶಯಪ್ಪ ಎಂದು ಹೆಸರಿಟ್ಟಿದ್ದಳು. ‘ಏನ್ರಿ ಸಂಶಯಪ್ಪನವರ, ಚಾಕ ಸಕ್ರಿ ಹಾಕ್ಯಾರೋ ಇಲ್ಲೋ, ಅದಕ್ಕೂ ಒಂದು ಟೆಸ್ಟ್ ಬರೀಲೇನು?’

ಟೆಸ್ಟ್ ಬರೆಯುವುದು ನಮ್ಮ ಅರ್ಧ ಕೆಲಸವಾಗಿತ್ತು. ಯೂನಿಟ್ ಟೆಸ್ಟ್ ಎಂದರೆ ದೊಡ್ಡದೇನಲ್ಲ. ಉತ್ತರ ಮೊದಲೇ ಗೊತ್ತಿರುವ ಒಂದು ಸಣ್ಣ ಪ್ರಶ್ನೆಯನ್ನು ಪ್ರೋಗ್ರಾಮಿಗೆ ಕೇಳುವುದು. ಬಸ್ಸು ತುಂಬಿದೆ, ಮತ್ತೊಬ್ಬರು ಸೀಟು ಕೇಳಿದರು, ಇಲ್ಲ ಎನ್ನಬೇಕು. ಇಲ್ಲ ಎಂದರೆ ಪಾಸು, ಹೂಂ ಎಂದರೆ ಫೇಲು. ಪ್ರತಿ ಟೆಸ್ಟಿಗೂ ಒಂದು ಹೆಸರಿಡಬೇಕು. ಅವಳು ಇಂಗ್ಲಿಷ್ ಅಕ್ಷರಗಳಲ್ಲಿ ಪೂರಾ ಕನ್ನಡ ವಾಕ್ಯವನ್ನೇ ಹೆಸರಾಗಿ ಬರೆಯುತ್ತಿದ್ದಳು: ‘ತುಂಬಿದ ಬಸ್ಸಿನ್ಯಾಗ ಮತ್ತೊಬ್ರನ್ನ ಕುಂದರಸಬಾರದು.’ ‘ತೊಡಿ ಮ್ಯಾಲಿನ ಕೂಸಿಗೆ ಸೀಟ ಬ್ಯಾಡ.’ ‘ರಾತ್ರಿ ಹೊಂಟ ಬಸ್ ಮರುದಿನಾನ ಮುಟ್ಟಬೇಕು.’ ಮಾಲೀಕರು ಒಮ್ಮೆ ಹಿಂದೆ ನಿಂತು ಇಣುಕಿ, ಇದೇನು ಮಂತ್ರ ಎಂದು ಕೇಳಿದ್ದರು. ‘ಬಸ್ಸಿನ ಧರ್ಮಶಾಸ್ತ್ರ’ ಎಂದಿದ್ದಳು.

ಅವರು ಕೊಟ್ಟಿದ್ದ ಕಂಪ್ಯೂಟರು ಮುದಿ ಎತ್ತು. ಗುಂಡಿ, ಚಿತ್ರ, ಬಣ್ಣಗಳಿರುವ ದೊಡ್ಡ ತಂತ್ರಾಂಶ ಹಾಕಿದರೆ ಅಲ್ಲೇ ಮಲಗಿಬಿಡುತ್ತಿತ್ತು. ಹಾಗಾಗಿ ಎಲ್ಲವನ್ನೂ ಕಮಾಂಡ್ ಲೈನಿನಲ್ಲಿ ಮಾಡುತ್ತಿದ್ದೆವು: ಕಪ್ಪು ಕಿಟಕಿ, ಬಿಳಿ ಅಕ್ಷರ, ಮಿಣುಕುವ ಕರ್ಸರ್. ಮೊದಲು ಒಂದು ಉದ್ದನೆಯ ಆಜ್ಞೆ ಬರೆದು ಕಂಪೈಲ್ ಮಾಡಬೇಕು, ಅಂದರೆ ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರಬೇಕು. ಆಮೇಲೆ ಇನ್ನೊಂದು ಆಜ್ಞೆ ಬರೆದು ಟೆಸ್ಟ್ ಓಡಿಸಬೇಕು. ಆಜ್ಞೆಗಳು ಎಷ್ಟು ಉದ್ದ ಎಂದರೆ ಪರದೆಯ ಅಂಚು ಮುಟ್ಟಿ ಕೆಳಗಿನ ಸಾಲಿಗೆ ಇಳಿಯುತ್ತಿದ್ದವು. ನಡುವೆ ಒಂದು ಚುಕ್ಕಿ ತಪ್ಪಿದರೂ ಬೈಗುಳದ ಮಳೆ.

ಎಂಟರ್ ಒತ್ತುವ ಮುನ್ನ ನಮ್ಮಲ್ಲಿ ಒಂದು ನಿಯಮವಿತ್ತು. ಏನಾಗುತ್ತದೆ ಎಂದು ಮೊದಲು ಬಾಯಿಬಿಟ್ಟು ಹೇಳಬೇಕು: ಪಾಸಾದರೆ ಹಸಿರು, ಬಿದ್ದರೆ ಕೆಂಪು. ಮನಸ್ಸಿನಲ್ಲಿ ಅಂದುಕೊಂಡರೆ ನಡೆಯುವುದಿಲ್ಲ. ಎಲ್ಲರೂ ಆಮೇಲೆ ‘ನಾನೂ ಅದನ್ನೇ ಅಂದಿದ್ದೆ’ ಎನ್ನುತ್ತಾರೆ ಎಂಬುದು ಅವಳ ವಾದ. ಹೇಳಿದ್ದು ತಪ್ಪಾದರೆ ಕೆಳಗಿನ ಗಾಡಿಯಿಂದ ಮಿರ್ಚಿಭಜಿ, ಪಾವು ತರಬೇಕು.

‘ಹಸಿರು,’ ಎನ್ನುತ್ತಿದ್ದೆ ನಾನು.

‘ಖರೇನ?’

‘ಹಸಿರು ಅಂದ್ನೆಲ್ಲ.’

‘ಖಾತ್ರಿ ಏನ್ರಿ?’ ನನ್ನದೇ ಮಾತನ್ನು ನನ್ನದೇ ದನಿಯಲ್ಲಿ ತಿರುಗಿಸಿ ಹೇಳಿ ಎಂಟರ್ ಒತ್ತುತ್ತಿದ್ದಳು. ಬಹಳ ಸಲ ಸೋಲುತ್ತಿದ್ದವನು ನಾನೇ. ಅದಕ್ಕೆ ಕಾರಣ ನನ್ನ ಒಂದು ಚಾಳಿ: ಅವಸರದಲ್ಲಿ ಪ್ರೋಗ್ರಾಂ ತಿದ್ದಿ, ಕಂಪೈಲ್ ಮಾಡುವುದನ್ನು ಮರೆತು, ನೇರವಾಗಿ ಟೆಸ್ಟ್ ಓಡಿಸಿಬಿಡುವುದು. ಹಾಗೆ ಮಾಡಿದರೆ ಯಂತ್ರದ ಹತ್ತಿರ ಇರುವುದು ತಿದ್ದುವುದಕ್ಕೂ ಮುಂಚಿನ ರೂಪ. ಅದು ಹಳೆಯ ಉತ್ತರವನ್ನೇ ಒಪ್ಪಿಸುತ್ತದೆ. ನಾನು ತಲೆ ಕೆರೆದುಕೊಂಡು ಕೋಣೆಯಲ್ಲಿ ಅತ್ತಿಂದಿತ್ತ ನಡೆದಾಡುತ್ತಿದ್ದರೆ ಅವಳು ನಗುತ್ತಿದ್ದಳು.

‘ಎಂ.ಎಸ್ಸಿ. ಮಾಡಿದವ್ರ, ಕಂಪೈಲ್ ಮಾಡ್ಲಾರದ ಓಡಿಸಿದ್ರ ನಿನ್ನಿ ಉತ್ತರ ಬರ್ತೈತಿ. ನಡೀರಿ ಗಾಡಿ ಕಡೆ. ನನಗ ಖಾರ ಹೆಚ್ಚಿಗಿ ಇರ್ಲಿ.’

ಇನ್ನೊಂದು ರೂಢಿಯಿತ್ತು, ಅದು ಅವಳು ತಂದದ್ದು. ಸಂಜೆ ಮನೆಗೆ ಹೋಗುವ ಮುನ್ನ ಕೊನೆಯದಾಗಿ ಒಂದು ಹೊಸ ಟೆಸ್ಟ್ ಬರೆದು, ಅದನ್ನು ಪಾಸು ಮಾಡದೆ ಕೆಂಪಾಗಿಯೇ ಬಿಟ್ಟು ಹೋಗುವುದು. ಮರುದಿನ ಬಂದು ಕೂತ ಕೂಡಲೇ ಎಲ್ಲಿಂದ ಶುರು ಮಾಡಬೇಕು ಎಂದು ಯೋಚಿಸಬೇಕಾಗಿಲ್ಲ, ಕೆಂಪು ಕಾಯುತ್ತಿರುತ್ತದೆ. ಇದು ಅವಳೇ ಕಂಡುಹಿಡಿದದ್ದಲ್ಲ, ಈ ಕೆಲಸ ಮಾಡುವ ಬಹಳ ಜನ ಹೀಗೆ ಮಾಡುತ್ತಾರೆ. ಆದರೆ ಅದಕ್ಕೆ ಹೆಪ್ಪು ಎಂದು ಹೆಸರಿಟ್ಟವಳು ಅವಳು. ನಾನು ಮೊದಮೊದಲು ಒಪ್ಪಿರಲಿಲ್ಲ. ಮುಗಿಸಿ ಹೋಗುವುದು ಬಿಟ್ಟು ಕೆಡಿಸಿ ಹೋಗುವುದು ಎಂಥ ಶಿಸ್ತು ಎಂದಿದ್ದೆ.

‘ನಿಮ್ಮನ್ಯಾಗ ಮೊಸರು ಹೆಂಗ ಮಾಡ್ತಾರ್ರೀ?’

‘ಹಾಲಿಗೆ ಹೆಪ್ಪು ಹಾಕಿ.’

‘ಹೆಪ್ಪು ಎಲ್ಲಿಂದ ಬರ್ತೈತಿ?’

‘ನಿನ್ನೆಯ ಮೊಸರು.’

‘ಹಾಂ. ಗಡಿಗಿ ಬಳದ ಬಳದ ಉಂಡ್ರ ನಾಳಿಗೇನು ಹಾಕ್ತೀರಿ, ನಿಮ್ಮ ಸಂಶಯಾನ?’

ಅಂದಿನಿಂದ ಸಂಜೆಯ ಕೆಂಪಿಗೆ ಹೆಪ್ಪು ಎಂಬ ಹೆಸರೇ ನಿಂತಿತು. ‘ಹೆಪ್ಪಿಗೆ ಬಿಟ್ರೇನು?’ ‘ಬಿಟ್ಟೇನಿ, ನಡೀರಿ.’ ಅವಳು ಬರೆದ ಹೆಪ್ಪನ್ನು ಬೆಳಿಗ್ಗೆ ಅವಳೇ ಹಸಿರು ಮಾಡಬೇಕು, ನನ್ನದನ್ನು ನಾನೇ. ಅದೂ ಒಂದು ನಿಯಮವಾಯಿತು.

ಆ ಕೊನೆಯ ಸಂಜೆಯ ಮರುದಿನ ಅವಳ ಮನೆಯವರೆಲ್ಲ ಮೊಹರಮ್ಮಿಗೆ ಊರಿಗೆ ಹೊರಟಿದ್ದರು. ಹಬ್ಬ ಮುಗಿಸಿಕೊಂಡು ಬರುವ ಮಾತು. ನಮ್ಮದೇ ಏಜೆನ್ಸಿಯ ಬಸ್ಸು. ಹಬ್ಬ ಮುಗಿಯಿತು, ಬಸ್ಸುಗಳು ತುಂಬಿ ತುಂಬಿ ಮರಳಿ ಬಂದವು. ಜನ ಜೋಳದ ಹಿಟ್ಟಿನ ಚೀಲ, ಶೇಂಗಾ ಚಟ್ನಿಯ ಡಬ್ಬಿ ಇಳಿಸಿಕೊಂಡು ಕಾರ್ಖಾನೆಗಳಿರುವ ಸಾಂಕೋಲೆಯ ಕಡೆಗೋ ಗುಡ್ಡದ ಕಡೆಗೋ ನಡೆದರು. ಅವಳು ಬರಲಿಲ್ಲ. ಆಮೇಲೊಂದು ದಿನ ಫೋನಿಗೆ ಸಂದೇಶ ಬಂತು: ‘ಅಪ್ಪ ಇನ್ನ ಗಾಡಿ ಹೊಡಿಯೂದು ಬ್ಯಾಡ ಅಂದ್ರು. ನಾವು ಇಲ್ಲೇ ಇರತೇವಿ. ನನಗ ಇಲ್ಲೇ ಒಂದು ಕಾಲೇಜಿನ್ಯಾಗ ಲ್ಯಾಬ್ ಕೆಲಸ ಸಿಕ್ಕೈತಿ. ಮಾಲೀಕರಿಗೆ ನೀವ ಹೇಳ್ರಿ.’ ನಾನು ‘ಚಲೋ ಆತು’ ಎಂದು ಉತ್ತರಿಸಿದೆ. ಚಲೋ ಆಗಿರಲಿಲ್ಲ, ಆದರೆ ಮತ್ತೇನು ಬರೆಯುವುದು?

ನನ್ನನ್ನು ಇಷ್ಟು ಕಾಲ ಕಾಡಿದ್ದು ಒಂದೇ ಪ್ರಶ್ನೆ. ಆ ಸಂಜೆ ಮೆಟ್ಟಿಲಿಳಿಯುವಾಗ, ಮರಳಿ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತೇ? ಗೊತ್ತಿದ್ದು ಹೇಳದೆ ಹೋದಳೇ? ಅಥವಾ ಬರುವವಳೇ ಇದ್ದು, ಊರಿನಲ್ಲಿ ನಿರ್ಧಾರ ಬದಲಾಯಿತೇ? ಹೊರಗಿನವರಿಗೆ ಇದು ಕ್ಷುಲ್ಲಕ. ಎರಡೂ ಸಂದರ್ಭಗಳಲ್ಲಿ ಅವಳು ಬಂದಿಲ್ಲ. ಆದರೆ ನನಗೆ ಆ ಮಾಳಿಗೆಯ ದಿನಗಳೆಲ್ಲ ಒಂದು ಬಗೆಯಲ್ಲಿ ಆ ಸಂಜೆಯ ಮೇಲೆ ನಿಂತಿದ್ದವು. ಬರುವ ಮನಸ್ಸಿತ್ತು ಎಂದಾದರೆ ಅಲ್ಲಿ ಏನೋ ಇತ್ತು ಎಂದಾಗುತ್ತದೆ. ಗೊತ್ತಿದ್ದೂ ‘ಹೆಪ್ಪಿಗಾತು’ ಎಂದಷ್ಟೇ ಹೇಳಿ ಹೋದಳೆಂದಾದರೆ, ನಾನು ಅಲ್ಲಿ ಪಕ್ಕದ ಕುರ್ಚಿ ಮಾತ್ರ.

ಸಾಕ್ಷಿಗಳು ಎರಡು, ಎರಡೂ ಒಂದಕ್ಕೊಂದು ವಿರುದ್ಧ. ಚಪ್ಪಲಿ ಒಯ್ದಳು. ಮಳೆಗಾಲದಲ್ಲಿ ನಾವಿಬ್ಬರೂ ಬಾಗಿಲ ಹಿಂದೆ ಒಂದು ಜೊತೆ ಒಣ ಚಪ್ಪಲಿ ಇಟ್ಟಿರುತ್ತಿದ್ದೆವು; ಬರುವವರು ಅದನ್ನು ಒಯ್ಯುವುದಿಲ್ಲ. ಆದರೆ ಕೆಂಪು ಬಿಟ್ಟಳು. ಬಾರದವರು ಹೆಪ್ಪು ಇಡುವುದಿಲ್ಲ. ಅವಳನ್ನೇ ಕೇಳಬಹುದಿತ್ತಲ್ಲ ಎಂದು ನೀವು ಅನ್ನಬಹುದು. ನಾನೂ ಅಂದುಕೊಂಡಿದ್ದೆ. ಆದರೆ ಇಷ್ಟು ವರ್ಷಗಳ ನಂತರ ಅವಳು ಹೇಳುವುದೂ ನೆನಪೇ. ನನ್ನ ನೆನಪನ್ನೇ ನಂಬದವನು ಅವಳ ನೆನಪಿಗೆ ಭಾರ ಹೊರಿಸಿ ಏನು ಮಾಡಲಿ?

ಮಾಲೀಕರು ಬೇಗನೆ ಪೇಟೆಯಲ್ಲಿ ಸಿಗುವ ಸಿದ್ಧ ಆ್ಯಪ್ ಒಂದನ್ನು ಹಾಕಿಸಿಕೊಂಡರು, ನಾನು ಕೆಲಸ ಬಿಟ್ಟೆ. ಆಮೇಲೆ ಒಂದಾದ ಮೇಲೊಂದು ಕಡೆ ಕೆಲಸ, ಒಂದಾದ ಮೇಲೊಂದು ಬಾಡಿಗೆ ಕೋಣೆ. ಎಲ್ಲಿಯೂ ಕಾಲು ನಿಲ್ಲಲಿಲ್ಲ, ಆದರೆ ಗೋವಾ ಬಿಟ್ಟೂ ಹೋಗಲಿಲ್ಲ. ಈಗ ಸಾಂಕೋಲೆಯ ಒಂದು ಕಾರ್ಖಾನೆಯ ಕಚೇರಿಯಲ್ಲಿದ್ದೇನೆ. ಈ ಮಳೆಗಾಲದ ಶುರುವಿನಲ್ಲಿ ಮಾಲೀಕರ ಫೋನ್ ಬಂತು. ಅವರ ಕನ್ನಡ ನಮ್ಮ ಪ್ರಯಾಣಿಕರಿಂದ ಕಲಿತದ್ದು, ಅದಕ್ಕೆ ಕೊಂಕಣಿಯ ಬಾಲ.

‘ಏನ್ರೀ ಮಾಸ್ತರ, ಮಾಳಿಗೆ ಖಾಲಿ ಮಾಡಾಕತ್ತೇನಿ ರೇ. ನಿಮ್ಮ ಡಬ್ಬಾ ಐತಿ. ಒಯ್ತೀರಿ, ಇಲ್ಲಾ ಭಂಗಾರಕ್ಕೆ ಹಾಕ್ಲಿ?’ ಭಂಗಾರ ಎಂದರೆ ಇಲ್ಲಿ ಗುಜರಿ.

ಅದೇ ಭಾನುವಾರ ಹೋದೆ. ಮಾಳಿಗೆಯಲ್ಲಿ ಹಳೇ ಸೀಟು ಕವರುಗಳ ವಾಸನೆ. ಕಿಟಕಿಯಾಚೆ ಗುಡ್ಡ ಇನ್ನಷ್ಟು ತುಂಬಿಕೊಂಡಿತ್ತು. ಮಾಲೀಕರು ಧೂಳು ಹಿಡಿದ ಕಂಪ್ಯೂಟರ್ ಪೆಟ್ಟಿಗೆಯನ್ನು ಕಾಲಿನಿಂದ ನನ್ನ ಕಡೆ ಸರಿಸಿದರು.

ಅವಳು ಚಪ್ಪಲಿ ಒಯ್ದಳೆಂಬುದೂ ನನ್ನ ನೆನಪೇ ತಾನೇ ಎಂದು ಬಾಗಿಲ ಹಿಂದೆ ನೋಡಿದೆ. ‘ಇಲ್ಲಿ ಚಪ್ಪಲಿ ಇದ್ದುವಲ್ರಿ?’

‘ಚಪ್ಪಲಿ? ಯಾರ ಚಪ್ಪಲಿ?’

‘ಅವಳದು. ನಮ್ಮ ಜೊತೆ ಕೆಲಸ ಮಾಡ್ತಿದ್ದಳಲ್ಲ.’

‘ಅರೇ ದೇವಾ, ಡಬ್ಬಾ ಒಯ್ಯಾಕ ಬಂದಾನ, ಚಪ್ಪಲಿ ಹುಡುಕ್ತಾನ! ಇಷ್ಟ ಮಳಿ ಹೋತು, ಚಪ್ಪಲಿ ಉಳೀತಾವೇನ್ರಿ? ಇಲಿ ತಿಂದಿರಬೇಕು. ಇಲ್ಲಾ ಯಾರೋ ಹಾಕ್ಕೊಂಡ ಹೋಗಿರಬೇಕು.’ ಆಮೇಲೆ, ‘ಆ ಹುಡುಗಿ ಚಲೋ ಇತ್ತು ರೇ. ನಿಮ್ಮಷ್ಟ ಮಾತಾಡ್ತಿರಲಿಲ್ಲ,’ ಎಂದರು.

ಅವಳು ನನ್ನ ನಾಲ್ಕರಷ್ಟು ಮಾತಾಡುತ್ತಿದ್ದಳು. ಪೆಟ್ಟಿಗೆ, ಕೀಬೋರ್ಡು, ಪರದೆ ಎಲ್ಲವನ್ನೂ ಆಟೋಗೆ ಏರಿಸಿಕೊಂಡು ಕೋಣೆಗೆ ತಂದೆ.

ಮಧ್ಯಾಹ್ನ ಊಟ ಮಾಡದೆಯೇ ಅದನ್ನು ಜೋಡಿಸಿದೆ. ಒದರಿಕೊಂಡು, ಕೆಮ್ಮಿಕೊಂಡು ಎದ್ದಿತು. ಫೈಲುಗಳ ತಾರೀಖು ನೋಡಿದರೆ ಯಾವ ದಿನ ಯಾರು ಏನು ಬರೆದರೆಂದು ತಿಳಿಯುತ್ತದಲ್ಲ ಎಂದು ಮೊದಲು ಅದನ್ನೇ ನೋಡಿದೆ. ಎಲ್ಲವೂ ಯಾವುದೋ ಓಬೀರಾಯನ ಕಾಲದ ಜನವರಿ. ಆಗ ನೆನಪಾಯಿತು: ಅದರೊಳಗಿನ ಗಡಿಯಾರದ ಸೆಲ್ ನಮ್ಮ ಕಾಲಕ್ಕೇ ಸತ್ತಿತ್ತು, ಕರೆಂಟ್ ಹೋದಾಗಲೆಲ್ಲ ಆ ಪೆಟ್ಟಿಗೆ ಮತ್ತೆ ಅದೇ ಜನವರಿಗೆ ಹೋಗಿ ಕೂರುತ್ತಿತ್ತು. ಹಳೆಯ ಪ್ರತಿಗಳನ್ನು ದಿನದಿನಕ್ಕೆ ಬೇರೆ ಉಳಿಸುವ ಶಿಸ್ತೂ ನಮಗಿರಲಿಲ್ಲ. ಉಳಿದದ್ದು ಒಂದೇ ದಾರಿ. ಓಡಿಸಿ ನೋಡುವುದು.

ಅವಳು ಹೋದ ಮೇಲೆ ಆ ಪ್ರೋಗ್ರಾಮನ್ನು ನಾನು ಮುಟ್ಟಿಲ್ಲ ಎಂಬುದು ನನಗೆ ಖಚಿತವಿತ್ತು. ಹಾಗಾಗಿ ಅವಳು ಬಿಟ್ಟ ಕೆಂಪು ಹಾಗೆಯೇ ಇರಬೇಕು. ಇಲ್ಲದಿದ್ದರೆ ನನ್ನ ನೆನಪು ಸುಳ್ಳು.

ಆಜ್ಞೆ ಮರೆತುಹೋಗಿತ್ತು. ಒಂದೆರಡು ಸಲ ಊಹಿಸಿ ಬರೆದು ಬೈಸಿಕೊಂಡೆ. ಆಮೇಲೆ ಮೇಲ್ಮುಖ ಬಾಣದ ಕೀಲಿ ಒತ್ತಿದೆ. ಹಿಂದೆ ಬರೆದ ಆಜ್ಞೆಗಳನ್ನು ಅದು ಒಂದೊಂದಾಗಿ ತಂದು ಕೊಡುತ್ತದೆ. ಆ ಉದ್ದನೆಯ ಸಾಲು, ಅಂಚು ಮುಟ್ಟಿ ಮಡಿಚಿಕೊಂಡು, ಇದ್ದ ಹಾಗೇ ಬಂತು. ಕಂಪೈಲ್ ಮಾಡಿದೆ. ಮತ್ತೆ ಬಾಣ, ಟೆಸ್ಟ್ ಓಡಿಸುವ ಸಾಲು. ಎಂಟರ್ ಮೇಲೆ ಬೆರಳಿಟ್ಟು ನಿಂತೆ. ಕೋಣೆಯಲ್ಲಿ ಯಾರೂ ಇರಲಿಲ್ಲ, ಆದರೂ ನಿಯಮ ನಿಯಮವೇ.

‘ಕೆಂಪು,’ ಎಂದೆ.

ಚುಕ್ಕಿ, ಚುಕ್ಕಿ, ಚುಕ್ಕಿ. ಓಡಿದ ಪ್ರತಿ ಟೆಸ್ಟಿಗೆ ಒಂದೊಂದು ಬಿಳಿ ಚುಕ್ಕಿ. ಕೊನೆಯಲ್ಲಿ ಬಿಳಿ ಅಕ್ಷರಗಳಲ್ಲಿ: ಓಕೆ. ಒಂದೂ ಬಿದ್ದಿರಲಿಲ್ಲ.

ಹಸಿರು. ಹಸಿರು ಎಂದು ನಾನು ಹೇಳುತ್ತೇನೆ, ಆದರೆ ಪರದೆಯ ಮೇಲೆ ಹಸಿರಿರಲಿಲ್ಲ. ಅಷ್ಟು ಹೊತ್ತು ಅದನ್ನು ದಿಟ್ಟಿಸಿದ ಮೇಲೆ ಒಂದು ಸರಳ ಸಂಗತಿ ನನಗೆ ಹೊಳೆಯಿತು. ಆ ಯಂತ್ರದಲ್ಲಿ ಬಣ್ಣವೇ ಬರುತ್ತಿರಲಿಲ್ಲ. ಪಾಸಾದರೂ ಬಿಳಿ, ಬಿದ್ದರೂ ಬಿಳಿ. ಕೆಂಪು, ಹಸಿರು ಎಂಬ ಮಾತನ್ನು ಅವಳು ತನ್ನ ಕಾಲೇಜಿನ ಲ್ಯಾಬಿನಿಂದ ತಂದಿದ್ದಳು. ಅಲ್ಲಿಯ ಕಂಪ್ಯೂಟರುಗಳಲ್ಲಿ ಬಣ್ಣದ ಪಟ್ಟಿ ಬರುತ್ತಿತ್ತಂತೆ. ನಾವು ಬಿಳಿ ಅಕ್ಷರ ನೋಡಿ ಕೆಂಪು ಎನ್ನುತ್ತಿದ್ದೆವು. ಹಾಗಾದರೆ ಅವಳ ಗಲ್ಲದ ಮೇಲೆ ಬಿದ್ದ ಕೆಂಪು ಬೆಳಕು? ಅದು ಎಂದೂ ಬಿದ್ದಿರಲಾರದು. ಇಷ್ಟು ವರ್ಷ ನಾನು ಜೋಪಾನ ಮಾಡಿದ್ದು ಆಗದೇ ಇದ್ದ ಒಂದು ಬೆಳಕನ್ನು.

ಎದ್ದು ಕೋಣೆಯ ಉದ್ದಕ್ಕೆ ನಡೆದೆ. ಬೆಳಕು ಸುಳ್ಳು, ಕೆಂಪು ಸುಳ್ಳು. ಹಾಗಾದರೆ ಉಳಿದದ್ದು ಚಪ್ಪಲಿ. ಅವಳು ಎಲ್ಲ ಮುಗಿಸಿ, ಎಲ್ಲ ಹಸಿರು ಮಾಡಿ, ಗಡಿಗೆ ತೊಳೆದಿಟ್ಟು ಹೋದಳು. ಹಾಗಿದ್ದರೆ ಹಾಗೆಯೇ ಎಂದು ಹೇಳಿಕೊಂಡೆ. ಗೊತ್ತಾಯಿತಲ್ಲ. ಗೊತ್ತಾದರೆ ಸಾಕೆಂದೇ ತಾನೇ ಪೆಟ್ಟಿಗೆ ಹೊತ್ತು ತಂದದ್ದು? ಸಾಕಾಗಲಿಲ್ಲ. ಮಳೆಯ ನೀರು ಕಿಟಕಿಯ ಕಟ್ಟೆಯ ಮೇಲೆ ಹರಿಯುತ್ತಿತ್ತು, ಒರೆಸುವ ಮನಸ್ಸಾಗಲಿಲ್ಲ.

ಪೆಟ್ಟಿಗೆ ಆರಿಸುವ ಮುನ್ನ ಸುಮ್ಮನೆ ಅವಳ ಟೆಸ್ಟುಗಳ ಫೈಲು ತೆರೆದೆ. ಓದಲೆಂದಲ್ಲ. ಆ ಹೆಸರುಗಳನ್ನು ಒಮ್ಮೆ ನೋಡಲೆಂದು. ಕೂಸಿಗೆ ಸೀಟ ಬ್ಯಾಡ. ಮರುದಿನಾನ ಮುಟ್ಟಬೇಕು. ಇಳಿಯುತ್ತ ಇಳಿಯುತ್ತ ಕೊನೆಯ ಟೆಸ್ಟಿಗೆ ಬಂದೆ: ‘ಮೊಲೆಂದಾಗ ಇಳದವ್ರ ಸೀಟ ಮುಂದ ಖಾಲಿ ಇರಬೇಕು.’

ಮೊಲೆಂ ಗಡಿಯ ಈಚೆಗಿರುವ ಊರು. ಕೆಲವರು ಅಲ್ಲಿಯವರೆಗೆ ಮಾತ್ರ ಟಿಕೆಟ್ ತೆಗೆಯುತ್ತಿದ್ದರು. ಅವರು ಇಳಿದ ಮೇಲೆ ಆ ಸೀಟನ್ನು ಅಲ್ಲಿ ಹತ್ತುವವರಿಗೆ ಕೊಡಬಹುದು. ನಮ್ಮ ಪ್ರೋಗ್ರಾಂ ಮಾತ್ರ ವಿಜಯಪುರದ ತನಕ ಅದು ತುಂಬಿದೆ ಎಂದೇ ಹೇಳುತ್ತಿತ್ತು. ಆ ಹಬ್ಬದ ವಾರ ಮಾಲೀಕರು ಇದನ್ನೇ ಹಿಡಿದು ಕೂತಿದ್ದರು. ಈ ಟೆಸ್ಟಿನಲ್ಲಿ ನನಗಾಗಿ ಬರೆದ ಗುಟ್ಟೇನಾದರೂ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಬಸ್ಸಿನ ಸೀಟಿನ ಬಗ್ಗೆ ಬರೆದ ಟೆಸ್ಟು ಅದು, ಬಸ್ಸಿನ ಸೀಟಿನ ಬಗ್ಗೆಯೇ ಇತ್ತು.

ಆದರೆ ಅದನ್ನು ಪಾಸು ಮಾಡಿಸುವ ಭಾಗ, ಅಂದರೆ ಮೊಲೆಂದಲ್ಲಿ ಸೀಟನ್ನು ಖಾಲಿ ಮಾಡುವ ಸಾಲುಗಳು ಇನ್ನೊಂದು ಫೈಲಿನಲ್ಲಿದ್ದವು. ಅದನ್ನು ತೆರೆದೆ. ನೋಡುತ್ತ ನೋಡುತ್ತ ಕುರ್ಚಿ ಎಳೆದುಕೊಂಡು ಕೂತೆ.

ನಾವು ಬರೆಯುವ ಈ ಭಾಷೆಯಲ್ಲಿ ಪ್ರತಿ ತುಂಡಿಗೂ ಒಂದು ಸುರುಳಿ ಬ್ರ್ಯಾಕೆಟ್ಟು ತೆರೆಯಬೇಕು. ಎಲ್ಲಿ ಇಟ್ಟರೂ ಯಂತ್ರಕ್ಕೆ ಒಂದೇ, ಬರೆಯುವವರಿಗೆ ಮಾತ್ರ ಒಂದೇ ಅಲ್ಲ. ನಾನು ಸಾಲಿನ ಕೊನೆಗೇ ತೆರೆದುಬಿಡುತ್ತಿದ್ದೆ. ಅವಳು ಕೆಳಗೆ, ಅದಕ್ಕೇ ಒಂದು ಸಾಲು ಕೊಟ್ಟು ತೆರೆಯುತ್ತಿದ್ದಳು. ‘ಬಾಗಲಾ ಹೊಸ್ತಲದ ಮ್ಯಾಲೆ ಇರಬೇಕ್ರಿ, ನಿಮ್ಮಂಗ ಗ್ವಾಡಿಗೆ ಜೋತ ಬಿಟ್ರ ಒಳಗ ಹೆಂಗ ಬರೂದು?’ ಇದಕ್ಕೆ ನಾವು ಜಗಳವಾಡಿದಷ್ಟು ಬೇರೆ ಯಾವುದಕ್ಕೂ ಆಡಿಲ್ಲ. ಕೊನೆಯ ಟೆಸ್ಟಿನಲ್ಲಿ ಬ್ರ್ಯಾಕೆಟ್ಟು ಹೊಸ್ತಿಲ ಮೇಲೆ. ಅದನ್ನು ಪಾಸು ಮಾಡಿಸಿದ ಸಾಲುಗಳಲ್ಲಿ ಗೋಡೆಗೆ ಜೋತುಬಿದ್ದಿದೆ. ಟೆಸ್ಟು ಅವಳದು. ಉತ್ತರ ನನ್ನದು.

ನಮ್ಮ ನಿಯಮದಲ್ಲಿ ಅವಳ ಹೆಪ್ಪನ್ನು ನಾನು ಮುಟ್ಟುವಂತಿರಲಿಲ್ಲ. ಅವಳು ಎದುರಿಗಿದ್ದಾಗ ಮುಟ್ಟಿದ್ದರೆ ಕೀಬೋರ್ಡು ಕಸಿದುಕೊಳ್ಳುತ್ತಿದ್ದಳು. ಹಾಗಾದರೆ ಇದು ಅವಳು ಹೋದ ಮೇಲೆ ಆದದ್ದು. ಹಬ್ಬದ ಜನ ಬರುವ ಮುನ್ನ ಸೀಟು ಸರಿಯಾಗಬೇಕೆಂದು ಮಾಲೀಕರು ಒತ್ತಾಯಿಸಿರಬೇಕು. ನಾನು ಒಂದು ಬೆಳಿಗ್ಗೆ ಕೂತು ಅದನ್ನು ಮುಗಿಸಿರಬೇಕು. ಆ ಬೆಳಿಗ್ಗೆಯ ಒಂದು ಎಳೆಯೂ ನನ್ನ ನೆನಪಿನಲ್ಲಿಲ್ಲ. ಆಗದ ಬೆಳಕು ನೆನಪಿದೆ, ಆದ ಬೆಳಿಗ್ಗೆ ನೆನಪಿಲ್ಲ.

ಊಹೆ ಸಾಕೆನಿಸಲಿಲ್ಲ. ನನ್ನ ಸಾಲುಗಳನ್ನು ಅಳಿಸಿದೆ, ಗೋಡೆಗೆ ಜೋತುಬಿದ್ದವನ್ನು ಮಾತ್ರ. ಅವಳದನ್ನು ಒಂದಕ್ಷರ ಮುಟ್ಟಲಿಲ್ಲ. ಬಾಣದ ಕೀಲಿ ಒತ್ತಿ, ‘ಕೆಂಪು’ ಎಂದು ಗಟ್ಟಿಯಾಗಿ ಹೇಳಿ, ಎಂಟರ್ ಒತ್ತಿದೆ.

ಚುಕ್ಕಿ, ಚುಕ್ಕಿ, ಚುಕ್ಕಿ. ಓಕೆ.

ಹೇಗೆ ಸಾಧ್ಯ? ಉತ್ತರ ಬರೆದ ಸಾಲುಗಳೇ ಇಲ್ಲದಾಗ ಉತ್ತರ ಸರಿಯಾಗುವುದು ಹೇಗೆ? ಮತ್ತೆ ಎದ್ದು ಅತ್ತಿಂದಿತ್ತ ನಡೆದೆ, ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಆಮೇಲೆ ನಕ್ಕೆ. ಆ ಕೋಣೆಯಲ್ಲಿ ಒಬ್ಬನೇ ಅಷ್ಟು ಜೋರಾಗಿ ನಕ್ಕದ್ದು ಮೊದಲ ಸಲವಿರಬೇಕು. ಕಂಪೈಲ್ ಮಾಡಿರಲಿಲ್ಲ. ನಿನ್ನಿ ಉತ್ತರ ಬರ್ತೈತ್ರಿ. ನಡೀರಿ ಗಾಡಿ ಕಡೆ. ಮಿರ್ಚಿಯ ಬಾಕಿ ನನ್ನ ತಲೆಯ ಮೇಲೆ ಏರಿತು. ಹಿಂದಿನದೂ ಸೇರಿ ಎರಡು.

ಕಂಪೈಲ್ ಮಾಡಿದೆ. ಓಡಿಸಿದೆ. ಚುಕ್ಕಿಗಳು ಸಾಲಾಗಿ ಬಂದು, ಕೊನೆಯ ಚುಕ್ಕಿಯ ಪಕ್ಕದಲ್ಲಿ ಬಿಳಿಯದೊಂದು ಇಂಗ್ಲಿಷ್ ‘ಇ’, ಬಿದ್ದ ಟೆಸ್ಟಿನ ಗುರುತು. ಫೇಲ್ಯೂರ್. ಅದರ ಕೆಳಗೆ ಅವಳ ವಾಕ್ಯ: ಮೊಲೆಂದಾಗ ಇಳದವ್ರ ಸೀಟ ಮುಂದ ಖಾಲಿ ಇರಬೇಕು. ಬೇಕಿದ್ದುದು ಒಂದು, ಸಿಕ್ಕಿದ್ದು ಸೊನ್ನೆ.

ಅವಳು ಬಿಟ್ಟು ಹೋದ ಸಂಜೆ ಆ ಪರದೆ ಹೀಗೇ ಇತ್ತು. ಬಣ್ಣವಿಲ್ಲದೆ, ಬೆಳಕಿಲ್ಲದೆ, ಹೀಗೇ. ಅವಳು ಹೆಪ್ಪು ಬಿಟ್ಟಿದ್ದಳು.

ಸ್ವಲ್ಪ ಹೊತ್ತು ಅಷ್ಟೇ ಸಾಕಾಯಿತು. ಊಟದ ನೆನಪಾಗಿ ಬೆಳಗಿನ ಅನ್ನಕ್ಕೆ ಮೊಸರು ಕಲಸಿಕೊಂಡು ಪರದೆಯ ಮುಂದೆಯೇ ಕೂತು ಉಂಡೆ. ಉಣ್ಣುತ್ತಿದ್ದಾಗ, ಅವಳೇ ಒಮ್ಮೆ ಹೇಳಿದ ಮಾತು ನೆನಪಾಯಿತು. ಅವರ ಗುಡ್ಡದ ಮೇಲೆ ಯಾವುದಾದರೂ ಮನೆಯವರು ಕೋಣೆ ಬಿಟ್ಟು ಊರಿಗೆ ಹೋಗುವುದಾದರೆ ಗಡಿಗೆಯ ಕೊನೆಯ ಮೊಸರನ್ನು ಚೆಲ್ಲುವುದಿಲ್ಲ. ಪಕ್ಕದ ಮನೆಗೆ ಕೊಟ್ಟು ಹೋಗುತ್ತಾರೆ. ‘ನಮ್ಮವ್ವ ಮೂರು ಮನಿಯವ್ರ ಹೆಪ್ಪು ನಡಸಾಕತ್ತಾಳ. ಅವ್ರು ಹೋಗಿ ಎಷ್ಟೋ ದಿನ ಆತು, ಅವ್ರ ಮೊಸರು ಇನ್ನೂ ನಮ್ಮನ್ಯಾಗ ಐತಿ,’ ಎಂದಿದ್ದಳು. ಅಥವಾ ಹಾಗೆ ಹೇಳಿದಳೆಂದು ನನಗೆ ನೆನಪು.

ಅಂದರೆ ಬಾರದವರೂ ಹೆಪ್ಪು ಬಿಡುತ್ತಾರೆ. ತನಗೆಂದು ಬಿಟ್ಟಳೋ, ನನಗೆಂದು ಬಿಟ್ಟಳೋ. ಈ ಪ್ರಶ್ನೆಗೆ ಪೆಟ್ಟಿಗೆಯ ಹತ್ತಿರ ಉತ್ತರವಿಲ್ಲ. ಯಾವ ಆಜ್ಞೆ ಕೊಟ್ಟರೂ ಅದು ಹೇಳಲಾರದು. ಇನ್ನು ಕೇಳಬೇಕಾದದ್ದು ಅವಳನ್ನೇ.

ಹಳೆಯ ಸಂದೇಶದ ನಂಬರು ಫೋನಿನಲ್ಲಿತ್ತು. ಅದು ಇನ್ನೂ ಅವಳದೇ ಎಂಬ ಖಾತ್ರಿ ಇಲ್ಲ. ಅವಳದೇ ಆದರೂ ಅವಳ ಸಂಸಾರ, ಅವಳ ಕೆಲಸ, ಅವಳ ಭಾನುವಾರ. ‘ಚಲೋ ಆತು’ ಎಂಬ ನನ್ನ ಉತ್ತರದ ಕೆಳಗೆ ಇಷ್ಟು ವರ್ಷ ಏನೂ ಇರಲಿಲ್ಲ. ಅದರ ಕೆಳಗೆ ಬರೆದೆ: ‘ಮೊಲೆಂ ಸೀಟಿನ ಟೆಸ್ಟ್ ಸಿಕ್ಕೈತಿ. ಕೆಂಪ ಐತಿ. ಆ ಹೆಪ್ಪು ಯಾರಿಗೆ ಬಿಟ್ಟಿದ್ರಿ?’

ಕಳಿಸುವ ಗುಂಡಿಯ ಮೇಲೆ ಹೆಬ್ಬೆರಳಿಟ್ಟು ನಿಂತೆ. ಮೊದಲು ಬಾಯಿಬಿಟ್ಟು ಹೇಳಬೇಕು. ಉತ್ತರ ಬಂದರೆ ಹಸಿರು, ಬಾರದಿದ್ದರೆ ಕೆಂಪು. ‘ಕೆಂಪು’ ಎಂದೆ. ಸೋಲಬೇಕೆಂಬ ಆಸೆಯಿಂದ ಪಂಥ ಕಟ್ಟಿದ್ದು ಅದೇ ಮೊದಲು.

ಒತ್ತಿದೆ. ಫೋನನ್ನು ಕೀಬೋರ್ಡಿನ ಪಕ್ಕ ಮಗುಚಿಟ್ಟೆ. ಪೆಟ್ಟಿಗೆ ಆರಿಸಲಿಲ್ಲ, ಅಳಿಸಿದ ಸಾಲುಗಳನ್ನು ಮತ್ತೆ ಬರೆಯಲೂ ಇಲ್ಲ. ಮಿರ್ಚಿಯ ಬಾಕಿ ಹೇಗೂ ಇತ್ತು. ಕೊಡೆ ತೆಗೆದುಕೊಂಡು ಈ ಬೀದಿಯ ಭಜಿ ಗಾಡಿಗೆ ಹೋಗಿ, ಖಾರ ಹೆಚ್ಚಿಗೆ ಇರಲಿ ಎಂದೆ.